ಮುಂದಕ್ಕೆ ಆಗದ ಬೋರ್ಡು

ನಮ್ಮ ಮನೆಯ ತಾರಸಿಯ ಮೇಲೆ ಕಂಬಗಳ ಕಂಬಿಗಳು ಇಂದಿಗೂ ಹಾಗೇ ನಿಂತಿವೆ. ಚಿಕ್ಕಲಸಂದ್ರದ ಮೂವತ್ತು ನಲವತ್ತರ ಸೈಟಿನಲ್ಲಿ ಅಪ್ಪ ಮನೆ ಕಟ್ಟಿಸಿದಾಗ, ಮುಂದೆ ಇನ್ನೊಂದು ಮಹಡಿ ಏರಿಸುವುದಕ್ಕೆ ಇರಲಿ ಎಂದು ಪ್ರತಿ ಕಂಬದ ತುದಿಯಲ್ಲೂ ಮೊಳದುದ್ದ ಕಂಬಿ ಬಿಡಿಸಿದ್ದರು. ತುಕ್ಕು ಹಿಡಿಯದಿರಲಿ ಎಂದು ಸಿಮೆಂಟಿನ ಹಾಲು ಬಳಿಸಿದ್ದರು. ಆಮೇಲೆ ಅಮ್ಮ ಅವಕ್ಕೆ ಹಗ್ಗ ಕಟ್ಟಿ ಬಟ್ಟೆ ಒಣಹಾಕಿದರು. ಅಮ್ಮ ಹೋದ ಮೇಲೆ ಅದೇ ಹಗ್ಗಕ್ಕೆ ಅತ್ತಿಗೆ ಬಟ್ಟೆ ಹಾಕಿದರು. ಯಾರ ಕಣ್ಣಿಗಾದರೂ ಚುಚ್ಚೀತು ಎಂದು ಅಣ್ಣ ಕಂಬಿಗಳ ಮೇಲೆ ಖಾಲಿ ನೀರಿನ ಬಾಟಲಿಗಳನ್ನು ಬೋರಲು ಹಾಕಿದ. ಮಹಡಿ ಮಾತ್ರ ಏರಲಿಲ್ಲ.

ಆ ಮಹಡಿ ನನ್ನದು. "ಕೆಳಗಡೆ ಮಗನಿಗೆ, ಮೇಲ್ಗಡೆ ಮಗಳಿಗೆ" ಎಂದು ಅಪ್ಪ ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದರು. ಬಂದವರು ತಲೆಯೆತ್ತಿ ಸೂರು ನೋಡಿ, ಒಳ್ಳೆ ಏರ್ಪಾಡು ಅನ್ನುತ್ತಿದ್ದರು. ನನಗೆ ಮದುವೆಯಾಗಲಿಲ್ಲ. ಅದರಲ್ಲಿ ಹೇಳುವಂಥ ಕಥೆಯೂ ಇಲ್ಲ. ಎಷ್ಟೋ ಜನ ಬಂದು ಉಪ್ಪಿಟ್ಟು ಕೇಸರಿಭಾತು ತಿಂದು ಹೋದರು, ಅಷ್ಟೆ. ಅಪ್ಪ ಹೋದರು, ಅಮ್ಮನೂ ಹೋದರು. ಅಣ್ಣ, ಅತ್ತಿಗೆ, ಅವರ ಮಗಳು, ಜೊತೆಗೆ ನಾನು, ಎಲ್ಲರೂ ಕೆಳಗೇ ಉಳಿದೆವು.

ನಮ್ಮ ಮನೆಯಲ್ಲಿ ಕುಲದೇವರಿಗಿಂತ ಹೆಚ್ಚು ನಡೆದುಕೊಂಡ ಮಾತೊಂದಿತ್ತು: "ಮುಂದಕ್ಕಾಗತ್ತೆ." ನನ್ನ ಶಾಲೆಯ ಲಂಗವನ್ನು ಮುಂದಕ್ಕಾಗಲಿ ಎಂದು ಉದ್ದ ಹೊಲಿಸಿ ಅಂಚು ಮಡಿಚುತ್ತಿದ್ದರು. ಅಂಚು ಬಿಚ್ಚುವ ಹೊತ್ತಿಗೆ ಬಟ್ಟೆಯೇ ಸವೆದು ಹೋಗಿರುತ್ತಿತ್ತು. ಶೂ ದೊಡ್ಡದು ತಂದು ತುದಿಗೆ ಹತ್ತಿ ತುರುಕುತ್ತಿದ್ದರು. ಹೊಸ ಕುಕ್ಕರು, ಹೊಸ ಹಾಸಿಗೆ ಹೊದಿಕೆ, ಯಾರೋ ಕೊಟ್ಟ ಬೆಳ್ಳಿಯ ಲೋಟ, ಎಲ್ಲವೂ ಅಟ್ಟದ ಮೇಲೆ. ಕೂಸು ಹುಟ್ಟುವ ಮುಂಚೆ ಕುಲಾವಿ ಅನ್ನುತ್ತಾರಲ್ಲ, ನಮ್ಮಲ್ಲಿ ಕೂಸು ಹುಟ್ಟಿ ಬೆಳೆದು ದೊಡ್ಡದಾದರೂ ಕುಲಾವಿ ಪೆಟ್ಟಿಗೆಯಲ್ಲೇ ಇರುತ್ತಿತ್ತು.

ಡಿಪ್ಲೊಮಾ ಓದಿ ನಾನು ಕಲಿತದ್ದು ಮನೆಗಳ ನಕ್ಷೆ ಬರೆಯುವುದನ್ನು. ಮೊದಲು ಜಯನಗರದ ಒಂದು ಕಚೇರಿಗೆ ಹೋಗುತ್ತಿದ್ದೆ. ಅಮ್ಮ ಹಾಸಿಗೆ ಹಿಡಿದಾಗ, "ಕಂಪ್ಯೂಟರಲ್ಲಿ ಮಾಡೋ ಕೆಲಸ ತಾನೇ, ಮನೇಲೇ ಮಾಡು" ಎಂದು ಮನೆಯಲ್ಲಿ ಎಲ್ಲರೂ ಅಂದರು. ಕೆಲಸ ಬಿಟ್ಟು, ಕೂಡಿಟ್ಟಿದ್ದರಲ್ಲಿ ಒಂದು ಕಂಪ್ಯೂಟರು ಕೊಂಡು ಮನೆಗೆ ಬಂದೆ. ಅಮ್ಮ ಹೋದ ಮೇಲೂ ಮನೆಯಲ್ಲೇ ಉಳಿದೆ.

ಊಟದ ಹಾಲಿನಲ್ಲಿ ಫ್ರಿಜ್ಜಿಗೂ ದೇವರ ಮನೆಯ ಬಾಗಿಲಿಗೂ ನಡುವೆ ನನ್ನ ಮೇಜು. ಅಣ್ಣ ಮಡಿಯುಟ್ಟು ಬಂದರೆ ಕುರ್ಚಿಯನ್ನು ಒಳಗೆ ಎಳೆದುಕೊಳ್ಳಬೇಕು. ಅತ್ತಿಗೆ ಮೊಸರು ತೆಗೆಯಲು ಬಂದರೆ ಹೊರಗೆ ಸರಿಯಬೇಕು. ಕಿಟಕಿ ತೆಗೆದರೆ ಪಕ್ಕದ ಮನೆಯ ಗೋಡೆ ಕೈಗೆ ಸಿಗುತ್ತದೆ. ಆ ಮೂಲೆಯಲ್ಲಿ ಕೂತು ನಾನು ಶ್ರೀನಗರದ ಇಕ್ಕಟ್ಟಿನ ಓಣಿಗೆ ಮನೆ ಬರೆದಿದ್ದೇನೆ, ಅರೆಕೆರೆಯ ಹೊಸ ಬಡಾವಣೆಗೆ ಬರೆದಿದ್ದೇನೆ. ಎಲ್ಲರಿಗೂ ಮೇಲೆ ಮುಂದಕ್ಕೆ ಇನ್ನೊಂದು ಮಹಡಿ ಬೇಕು. ಎಲ್ಲರ ಕಂಬದ ತುದಿಗೂ ಕಂಬಿ ಬಿಟ್ಟಿದ್ದೇನೆ. ನಮ್ಮ ಮನೆಯ ಮೇಲಿನ ಮಹಡಿಯನ್ನು ಮಾತ್ರ ಒಂದು ಸಲವೂ ಬರೆದು ನೋಡಲಿಲ್ಲ. ಬರೆದರೆ ಬೇಕು ಅನ್ನಿಸಿಬಿಡುತ್ತದೆ ಎಂಬ ಭಯ.

ಆ ಮೇಜಿನಿಂದ ನನಗೆ ಸಿಗುತ್ತಿದ್ದುದು ಸಂಪಾದನೆಯಷ್ಟೇ ಅಲ್ಲ. ಪರದೆಯ ಮೇಲೆ ಗೆರೆಗಳಿರುವ ತನಕ ನನ್ನನ್ನು ಯಾರೂ ಯಾವುದಕ್ಕೂ ಎಬ್ಬಿಸುತ್ತಿರಲಿಲ್ಲ. ಮನೆಗೆ ಬಂದ ನೆಂಟರು ಕೂಡ, ಕೆಲಸ ಮಾಡ್ತಿದಾಳೆ ಬಿಡಿ, ಎಂದು ಮೆಲ್ಲಗೆ ಮಾತಾಡುತ್ತಿದ್ದರು.

ಹೋದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ದೊಡ್ಡ ಗುಡುಗು ಮಳೆ. ಕರೆಂಟು ಹೋಯಿತು, ಬಂದಿತು, ಮತ್ತೆ ಹೋಗಿ ಝಗ್ಗೆಂದು ಬಂದಿತು. ಕಂಪ್ಯೂಟರು ಒಂದು ಸಲ ಟಪ್ಪೆಂದು ಸದ್ದು ಮಾಡಿ ಸುಮ್ಮನಾಯಿತು. ಮತ್ತೆ ಏಳಲಿಲ್ಲ.

ಆಗ ನನ್ನ ಕೈಯಲ್ಲಿದ್ದುದು ಅರೆಕೆರೆಯ ಎಂಜಿನಿಯರೊಬ್ಬರ ಕೆಲಸ. ವರ್ಷಗಳಿಂದ ನನಗೆ ಕೆಲಸ ಕೊಡುತ್ತಿದ್ದವರು ಅವರೊಬ್ಬರೇ; ಉಳಿದವರೆಲ್ಲ ತಮ್ಮ ಕಚೇರಿಯಲ್ಲೇ ಜನ ಇಟ್ಟುಕೊಂಡಿದ್ದರು. ಯಾರೋ ಸಂಸಾರವಂದಿಗರು ಹೊಸ ಮನೆ ಕಟ್ಟುವವರಿದ್ದರು. ಆಷಾಢ ಬಂದರೆ ಗುದ್ದಲಿ ಪೂಜೆ ಮಾಡುವ ಹಾಗಿಲ್ಲ, ಅದಕ್ಕೆ ಮುಂಚೆ ಮುಹೂರ್ತ ಇಟ್ಟಿದ್ದರು. ಎಂಜಿನಿಯರು ಕೈಯಲ್ಲಿ ಗೀಚಿದ್ದ ಅಂದಾಜು ನಕ್ಷೆಯನ್ನು ನನ್ನ ಫೋನಿಗೆ ಕಳಿಸಿದ್ದರು. ಕೆಳಗೆ ಹಾಲು, ಅಡುಗೆಮನೆ, ಎರಡು ರೂಮು, ಕಾರಿಗೆ ಜಾಗ. ಪಕ್ಕದಲ್ಲಿ ಒಂದು ಬಾಣದ ಗುರುತು, "ಮೇಲೆ ಮುಂದಕ್ಕೆ, ತಂಗಿಗೆ." ಅಂಥವು ಎಷ್ಟೋ ನೋಡಿದ್ದೆ. ಅದನ್ನು ಓದಿ ನನಗೆ ಆಗ ಏನೂ ಅನ್ನಿಸಲಿಲ್ಲ.

ಕಂಪ್ಯೂಟರು ಕೆಟ್ಟಿದೆ ಎಂದಾಗ ಎಂಜಿನಿಯರು, "ಪರವಾಗಿಲ್ಲ ಮೇಡಂ, ರಿಪೇರಿ ಮಾಡಿಸ್ಕೊಳ್ಳಿ. ತೀರಾ ತಡ ಆದ್ರೆ ಆಫೀಸಿಗೆ ಹೊಸ ಹುಡುಗಿ ಸೇರ್ಕೊಂಡಿದಾಳೆ, ಅವಳ ಹತ್ರ ಮಾಡಿಸ್ತೀನಿ" ಅಂದರು. ಒಳ್ಳೆಯ ಮಾತಿನಲ್ಲೇ ಅಂದರು. ಹೊಸ ಹುಡುಗಿ ಒಂದು ಸಲ ಮಾಡಿಕೊಟ್ಟರೆ ಆಮೇಲೆ ಅವರು ನನಗೆ ಯಾಕೆ ಕಳಿಸುತ್ತಾರೆ? ಆ ನಕ್ಷೆ ಹೋದರೆ ನನ್ನ ಮೇಜೂ ಹೋಯಿತು ಎಂದು ನನಗೆ ಗೊತ್ತಿತ್ತು.

ಸಿಪಿಯು ಡಬ್ಬವನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಆಟೋ ಹತ್ತಿದೆ. ಬಿಟಿಎಂ ಲೇಔಟಿನಲ್ಲಿ ಒಂದು ಪಿಜಿ ಕಟ್ಟಡದ ನೆಲಮಾಳಿಗೆಯಲ್ಲಿ ರಿಪೇರಿ ಅಂಗಡಿ. ಅಂಗಡಿಯವನು ಗದಗದ ಕಡೆಯವನು, ಮೂವತ್ತರ ಆಸುಪಾಸು, ಬಾಯಿ ತುಂಬ ಮಾತು. ನಡುನಡುವೆ ಫೋನು ಬಂದರೆ ಅದನ್ನೂ ನಮ್ಮ ಮಾತಿಗೆ ಸೇರಿಸಿಕೊಳ್ಳುತ್ತಿದ್ದ. ಡಬ್ಬ ಬಿಚ್ಚಿ, ಮೂಸಿ ನೋಡಿ, ತಲೆ ಅಲ್ಲಾಡಿಸಿದ.

"ಮದರ್‌ಬೋರ್ಡ್ ಹೋಗೇತ್ರಿ ಅಕ್ಕಾರ. ಪ್ರೊಸೆಸರ್ ಗಟ್ಟಿಮುಟ್ಟ ಐತಿ, ಅದಕ್ಕೇನೂ ಆಗಿಲ್ಲ."

"ಹಾಗಾದ್ರೆ ಬೋರ್ಡ್ ಒಂದು ಹಾಕ್ಕೊಡಿ."

"ಯಾವುದು ಹಾಕ್ಲಿ, ಅದ ತ್ರಾಸ ನೋಡ್ರಿ."

ಅವನು ಹೇಳಿದ್ದು ನನಗೆ ಬೇಗ ತಿಳಿಯಿತು. ಪ್ರೊಸೆಸರು ಲೆಕ್ಕ ಹಾಕುವ ಭಾಗ. ಬೋರ್ಡು ಅದು ಕೂರುವ ನೆಲ. ನನ್ನ ಪ್ರೊಸೆಸರು ಹಳೆಯದು. ಅದರ ಕಾಲದ್ದೇ ಬೋರ್ಡು ಒಂದು ಅಂಗಡಿಯಲ್ಲಿತ್ತು. ಅದನ್ನು ಹಾಕಿದರೆ ಆವತ್ತೇ ಕಂಪ್ಯೂಟರು ನಡೆಯುತ್ತದೆ, ಆದರೆ ಮುಂದೆ ಹೊಸ ಪ್ರೊಸೆಸರನ್ನು ಅದು ಒಪ್ಪುವುದಿಲ್ಲ. ಈಗ ಮಾರುಕಟ್ಟೆಯಲ್ಲಿರುವ ಹೊಸ ಬೋರ್ಡು ತಂದರೆ ಮುಂದೆ ಎಂಥ ಪ್ರೊಸೆಸರು ಬೇಕಾದರೂ ಹಾಕಬಹುದು, ಆದರೆ ನನ್ನ ಹಳೆಯದನ್ನು ಅದು ಗುರುತೇ ಹಿಡಿಯುವುದಿಲ್ಲ.

"ಕುಂದ್ರೋ ಜಾಗ ಒಂದ ಐತ್ರಿ, ಸಾಕೆಟ್ ಅದ. ಕುಂದರ್ತೈತಿ, ಆದ್ರ ಮಾತಾಡಂಗಿಲ್ಲ" ಎಂದು ನಕ್ಕ. "ನಡುವ ಒಂದ್ ಬೋರ್ಡ್ ಬರ್ತಿತ್ತ್ರಿ, ಹಳೇದೂ ನಡೀತಿತ್ತು, ಹೊಸಾದೂ ನಡೀತಿತ್ತು. ಈಗ ಅದು ಬರಾಂಗಿಲ್ಲ. ಯಾರರ ಬಿಚ್ಚಿ ಮಾರಿದ್ರ ಸಿಗಬೇಕು. ಹುಡುಕ್ತೀನಿ. ಇವತ್ತ ಸಿಕ್ಕೀತು, ತಿಂಗಳಾದ್ರೂ ಆದೀತು."

ಹಳೆಯದನ್ನು ಹಾಕಿ ಅನ್ನಬೇಕಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಆದರೆ ನಾನೂ ಆ ಮನೆಯ ಮಗಳೇ ತಾನೆ? ಮುಂದಕ್ಕೆ ಆಗದ್ದಕ್ಕೆ ದುಡ್ಡು ಹಾಕುವುದು ಮನಸ್ಸಿಗೆ ಒಗ್ಗಲಿಲ್ಲ. ಮನೇಲಿ ಕೇಳಿ ಹೇಳ್ತೀನಿ ಎಂದು ಡಬ್ಬವನ್ನು ಅಲ್ಲೇ ಬಿಟ್ಟು ಬಂದೆ.

ರಾತ್ರಿ ಊಟಕ್ಕೆ ಕೂತಾಗ ಎಲ್ಲ ಹೇಳಿದೆ. ಅಣ್ಣ ಹುಳಿ ಕಲಸುತ್ತ ಗಮನವಿಟ್ಟು ಕೇಳಿದ. ಅಣ್ಣ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಒಂದು ದಿನ ಜಗಳವಾಡಿ ಬ್ಯಾಗು ತೆಗೆದುಕೊಂಡು ಹೊರಡಬಹುದಿತ್ತು. ನನಗೆ ಜ್ವರ ಬಂದರೆ ಅವನೇ ಗಂಜಿ ಕಾಯಿಸುತ್ತಾನೆ, ಹಬ್ಬಕ್ಕೆ ಅತ್ತಿಗೆಗೆ ತಂದಂಥದೇ ಸೀರೆ ನನಗೂ ತರುತ್ತಾನೆ. ಅಂಥವನ ಹತ್ತಿರ ಏನೆಂದು ಜಗಳವಾಡುವುದು?

"ಹಳೇ ಬೋರ್ಡಿಗೆ ದುಡ್ಡು ಹಾಕೋದು ದಂಡ ಕಣೇ" ಅಂದ. "ಹೊಸದೇ ತಗೊಳ್ಳೋಣ. ಮುಂದಕ್ಕಾಗತ್ತೆ."

"ಅದು ನನ್ನ ಪ್ರೊಸೆಸರ್ ತಗೊಳಲ್ಲ ಅಂತೆ ಅಣ್ಣ."

"ಅವನು ಯಾರೋ ಬಿಟಿಎಂನೋನು ಹೇಳಿದ ಅಂತ ನಂಬ್ತೀಯಾ? ನಾನು ವಿಚಾರಿಸ್ತೀನಿ."

ವಿಚಾರಿಸಿದ. ಎರಡು ದಿನ ಬಿಟ್ಟು ಕಚೇರಿಯಿಂದ ಬರುವಾಗ ಜಯನಗರದ ಯಾವುದೋ ಅಂಗಡಿಗೆ ಹೋಗಿ ಹೊಸ ಬೋರ್ಡನ್ನು ತಂದೇ ಬಿಟ್ಟ. "ಸಾಕೆಟ್ ಒಂದೇ, ಕಣ್ಣು ಮುಚ್ಕೊಂಡು ತಗೊಂಡು ಹೋಗಿ ಸಾರ್ ಅಂದ" ಎಂದು ಹೇಳುವಾಗ ಅವನ ಮುಖ ಅರಳಿತ್ತು. ಪೆಟ್ಟಿಗೆಯನ್ನು ದೇವರ ಮುಂದಿಟ್ಟರು. ಅತ್ತಿಗೆ ಅದಕ್ಕೆ ಕುಂಕುಮ ಹಚ್ಚಿದರು. ಅಣ್ಣ ತನ್ನ ಸಂಬಳದಲ್ಲಿ ನನಗಾಗಿ ತಂದಿದ್ದಾನೆ, ಬೇಡ ಅನ್ನಲು ನಾನು ಯಾರು? ಕೈ ಮುಗಿದೆ.

ಮಾರನೆಯ ದಿನ ಅಣ್ಣನ ಕಾರಿನಲ್ಲೇ ಬಿಟಿಎಂಗೆ ಹೋದೆವು. ರಿಪೇರಿಯವನು ಪೆಟ್ಟಿಗೆ ನೋಡಿ ನನ್ನ ಮುಖ ನೋಡಿದ. ಆಮೇಲೆ ಜೋಡಿಸಿದ. ಪ್ರೊಸೆಸರು ಸಾಕೆಟ್ಟಿನಲ್ಲಿ ಚೆನ್ನಾಗಿ ಕೂತಿತು. ಗುಂಡಿ ಒತ್ತಿದಾಗ ಫ್ಯಾನು ತಿರುಗಿತು, ಕೆಂಪು ದೀಪವೂ ಹೊತ್ತಿಕೊಂಡಿತು. ಪರದೆ ಕಪ್ಪಗೇ ಇತ್ತು. ಮತ್ತೆ ಆರಿಸಿ ಹಾಕಿದ, ಮತ್ತೆ ಕಪ್ಪು. ಫ್ಯಾನು ಮಾತ್ರ ಹುರುಪಿನಿಂದ ತಿರುಗುತ್ತಲೇ ಇತ್ತು.

"ಹಂಗ ಆಗ್ತೈತ್ರಿ ಸರ. ಇದು ಹಳೇದನ್ನ ಹಿಡ್ಯಂಗಿಲ್ಲ" ಅಂದ.

ಅಣ್ಣ ಸ್ವಲ್ಪ ಹೊತ್ತು ಆ ಕಪ್ಪು ಪರದೆಯನ್ನೇ ನೋಡಿದ. ಆಮೇಲೆ ಸಮಾಧಾನವಾದವನ ಹಾಗೆ, "ಇರ್ಲಿ ಬಿಡಿ, ಮುಂದಕ್ಕಾಗತ್ತೆ" ಅಂದ. "ಹೇಗೂ ಮಗಳಿಗೆ ಎಂಜಿನಿಯರಿಂಗ್ ಸೀಟ್ ಆಗತ್ತೆ. ಕಾಲೇಜು ಶುರುವಾದಾಗ ಒಳ್ಳೆ ಪ್ರೊಸೆಸರ್ ಒಂದು ಹಾಕಿಸಿದ್ರೆ ಅವಳಿಗೆ ನಾಲ್ಕು ವರ್ಷ ಯೋಚನೆಯಿಲ್ಲ. ಅದಕ್ಕೇ ಹೊಸದು ತಗೊಂಡಿದ್ದು." ನನ್ನ ಕಡೆ ತಿರುಗಿ, "ಅಲ್ಲೀವರೆಗೂ ನೀನೂ ಸ್ವಲ್ಪ ರೆಸ್ಟ್ ತಗೋ. ವರ್ಷಗಟ್ಲೆ ಕಣ್ಣು ಹಾಳು ಮಾಡ್ಕೊಂಡಿದೀಯ" ಅಂದ.

ಮುಂದಕ್ಕೆ ಎಂದರೆ ಯಾರಿಗೆ ಎಂದು ನಾನು ಆವರೆಗೆ ಕೇಳಿರಲಿಲ್ಲ. ಅಪರಿಚಿತನ ಎದುರಿಗೆ ಉತ್ತರ ತಾನಾಗಿ ಬಂತು. ಅದು ನನ್ನ ಕಂಪ್ಯೂಟರು, ನನ್ನ ದುಡಿಮೆಯಿಂದ ಕೊಂಡದ್ದು. ಅದಕ್ಕೂ ಒಂದು ಭವಿಷ್ಯ ಗೊತ್ತುಮಾಡಿದ್ದರು, ಅದರಲ್ಲಿ ನಾನಿರಲಿಲ್ಲ. ಅಣ್ಣನಿಗೆ ಅದರಲ್ಲಿ ಮುಚ್ಚುಮರೆಯೂ ಇರಲಿಲ್ಲ, ಅಷ್ಟು ಸಹಜವಾಗಿ ಹೇಳಿದ. ರಿಪೇರಿಯವನು ತಲೆ ತಗ್ಗಿಸಿ ಸ್ಕ್ರೂಗಳನ್ನು ಒಂದು ಡಬ್ಬಿಗೆ ಹಾಕತೊಡಗಿದ.

ವಾಪಸು ಬರುವಾಗ ಬನಶಂಕರಿಯ ಹತ್ತಿರ ಕಾರು ನಿಂತಿತು. ಮುಂದೆ ಬಸ್ಸು, ಹಿಂದೆ ಬಸ್ಸು, ಎರಡೂ ಪಕ್ಕ ಸ್ಕೂಟರುಗಳು. ಸಿಗ್ನಲ್ಲು ಹಸಿರಾಗಿ ಕೆಂಪಾಯಿತು, ನಾವು ಇದ್ದಲ್ಲೇ ಇದ್ದೆವು. ಅಣ್ಣ ಮಗಳ ಸೀಟಿನ ವಿಷಯ ಮಾತಾಡುತ್ತಿದ್ದ. ನಾನು ಕಿಟಕಿ ಇಳಿಸಿದೆ. "ಎಸಿ ಹಾಕಿದೀನಿ, ಏರ್ಸು" ಅಂದ. ಏರಿಸಿದೆ. ನನಗೆ ನನ್ನ ಮೇಲೇ ಕೆಟ್ಟ ಸಿಟ್ಟು ಬಂತು.

ಹೊಸ ಬೋರ್ಡು ಪೆಟ್ಟಿಗೆಯ ಸಮೇತ ಅಟ್ಟ ಸೇರಿತು, ಹೊಸ ಕುಕ್ಕರಿನ ಪಕ್ಕಕ್ಕೆ. ಸಿಪಿಯು ಡಬ್ಬವನ್ನು ಬಿಟಿಎಂನಲ್ಲೇ ಬಿಟ್ಟಿದ್ದೆವು. ಬರಿದಾದ ನನ್ನ ಮೇಜಿನ ಮೇಲೆ ಮೊದಲು ಇಸ್ತ್ರಿ ಬಟ್ಟೆ ಬಂತು. ಆಮೇಲೆ ಹೆಚ್ಚುವ ಮಣೆ, ಮಾವಿನಕಾಯಿಯ ಬುಟ್ಟಿ. ಪರದೆಯನ್ನು ಗೋಡೆಯ ಕಡೆ ತಿರುಗಿಸಿ ಅದರ ಬೆನ್ನಿಗೆ ಯಾರೋ ಟವಲು ಹಾಕಿದ್ದರು. ಅತ್ತಿಗೆ ಜೋರು ಮಾಡುವವರಲ್ಲ. "ಹೇಗೂ ಖಾಲಿ ಇದೀಯಲ್ಲ, ಇದೊಂದು ನೋಡ್ಕೊಂಡ್ಬಿಡು" ಅನ್ನುತ್ತಿದ್ದರು. ಇದೊಂದು ಎಂದರೆ ಒಂದಲ್ಲ. ಉಪ್ಪಿನಕಾಯಿ ಹೆಚ್ಚಿದೆ, ಗ್ಯಾಸಿನವನಿಗೆ ಕಾದೆ, ನೀರಿನ ಟ್ಯಾಂಕು ತೊಳೆಸಿದೆ, ಅತ್ತಿಗೆಯ ಅಕ್ಕನ ಮನೆಗೆ ಹೋಳಿಗೆ ತಟ್ಟುವುದಕ್ಕೂ ಹೋಗಿ ಬಂದೆ. ಮುಂಚೆಯೂ ನಾನು ಮನೆಗೆಲಸ ಮಾಡುತ್ತಿದ್ದೆ. ಆದರೆ ಆಗ ಮಧ್ಯದಲ್ಲಿ ಎದ್ದು ಹೋಗಿ ಕೂರುವುದಕ್ಕೆ ಒಂದು ಜಾಗವಿತ್ತು.

ಎಂಜಿನಿಯರು ಫೋನು ಮಾಡಿದರು. "ಆಯ್ತಾ ಮೇಡಂ?"

"ಇನ್ನೊಂದು ಸ್ವಲ್ಪ ದಿನ ಸಾರ್. ಬೇಕಾದ್ರೆ ಪೇಪರಲ್ಲಿ ಬರ್ದು ಕೊಡ್ಲಾ?"

ಅವರು ನಕ್ಕರು. "ಪೇಪರ್ ಇಟ್ಕೊಂಡು ನಾನೇನ್ ಮಾಡ್ಲಿ ಮೇಡಂ? ನೋಡಿ, ಈ ವಾರ ನೋಡ್ತೀನಿ. ಮುಹೂರ್ತ ನನಗಾಗಿ ಕಾಯಲ್ಲ."

ಅತ್ತ ದರಿ, ಇತ್ತ ಪುಲಿ. ಅಣ್ಣನ ಬೋರ್ಡಿಗೆ ತಕ್ಕ ಹೊಸ ಪ್ರೊಸೆಸರು ಕೊಳ್ಳುವಷ್ಟು ದುಡ್ಡು ನನ್ನಲ್ಲಿಲ್ಲ. ಬೇರೆ ಬೋರ್ಡು ಕೊಂಡರೆ ಅಣ್ಣ ಪ್ರೀತಿಯಿಂದ ತಂದದ್ದನ್ನು ತಿರಸ್ಕರಿಸಿದ ಹಾಗೆ. ಕೊಳ್ಳದಿದ್ದರೆ ಈ ವಾರದಿಂದಾಚೆಗೆ ನನಗೆ ಕೆಲಸವೇ ಇಲ್ಲ. ದಿನಾ ಬೆಳಿಗ್ಗೆ ಎದ್ದು ಇವತ್ತು ಅಣ್ಣನಿಗೆ ಹೇಳುತ್ತೇನೆ ಅಂದುಕೊಳ್ಳುತ್ತಿದ್ದೆ. ಅವನು ಮಡಿಯಲ್ಲಿ ಬಂದಾಗ ಅಭ್ಯಾಸಬಲದಿಂದ ಖಾಲಿ ಮೇಜಿನ ಕುರ್ಚಿಯನ್ನು ಒಳಗೆ ಎಳೆದುಕೊಳ್ಳುತ್ತಿದ್ದೆ.

ಅತ್ತಿಗೆ ಸಂಡಿಗೆ ಇಟ್ಟರು. ಮಳೆ ಬರುವ ಮುಂಚೆ ಒಂದೆರಡು ಬಿಸಿಲು ಸಿಕ್ಕರೆ ಸಾಕು ಎಂದು ತಾರಸಿಯ ಮೇಲೆ ಹಳೆ ಪಂಚೆ ಹಾಸಿ ಸಾಲಾಗಿ ಇಟ್ಟು, "ಹೇಗೂ ಖಾಲಿ ಇದೀಯಲ್ಲ, ಕಾಗೆ ನೋಡ್ಕೋ" ಎಂದು ನನ್ನನ್ನು ಕೂರಿಸಿ ಕೆಳಗಿಳಿದರು. ನಾನು ಛತ್ರಿ ಹಿಡಿದುಕೊಂಡು, ಬಾಟಲಿ ತೊಟ್ಟ ಕಂಬಿಗಳ ನಡುವೆ ಕೂತೆ. ನನ್ನ ಮನೆಯೊಳಗೆ ನಾನು ಕೂತದ್ದು ಅದೇ ಮೊದಲು ಅನ್ನಿಸಿ ನಗು ಬಂತು. ಇಲ್ಲಿ ಅಡುಗೆಮನೆ ಬರಬೇಕಿತ್ತು, ಪೂರ್ವಕ್ಕೆ ಕಿಟಕಿ. ಆಮೇಲೆ ಅಳು ಬಂತು. ಕಾಗೆಯೊಂದು ಬಂದು ಒಂದು ಸಂಡಿಗೆ ಎತ್ತಿಕೊಂಡು ಹೋಯಿತು, ನಾನು ಓಡಿಸಲಿಲ್ಲ.

ಅಣ್ಣನ ಮಗಳು ಫೋನು ಹಿಡಿದುಕೊಂಡು ಮೇಲೆ ಬಂದಳು. ಪಿಯುಸಿ ಮುಗಿಸಿ ಸೀಟಿಗೆ ಕಾಯುತ್ತಿದ್ದ ಹುಡುಗಿ. ನನ್ನ ಮುಖ ನೋಡಿ ಪಕ್ಕದಲ್ಲಿ ಕೂತಳು.

"ಅತ್ತೆ, ಬೇಜಾರಾ?"

"ನಿನ್ನ ಕಂಪ್ಯೂಟರಿಗೆ ಬೋರ್ಡ್ ಬಂದಿದೆಯಲ್ಲ, ನಂಗ್ಯಾಕೆ ಬೇಜಾರು" ಅಂದೆ. ಮಾತು ಬೇಕಂತಲೇ ಒರಟಾಗಿ ಬಂತು.

"ಆ ಡಬ್ಬ ಯಾರಿಗೆ ಬೇಕು?" ಅವಳು ಬೆಚ್ಚಿದವಳಂತೆ ನೋಡಿದಳು. "ನಂಗೆ ಲ್ಯಾಪ್‌ಟಾಪ್ ಬೇಕು ಅತ್ತೆ. ಎಲ್ಲಾರೂ ಲ್ಯಾಪ್‌ಟಾಪೇ ತರೋದು. ಹಾಸ್ಟೆಲ್ಲಿಗೆ ಅದನ್ನ ತಲೆ ಮೇಲೆ ಹೊತ್ಕೊಂಡು ಹೋಗ್ಲಾ?"

"ಹಾಸ್ಟೆಲ್ಲಾ?"

"ಬೇರೆ ಊರಲ್ಲಿ ಸೀಟ್ ಸಿಕ್ರೆ ಹೋಗ್ತೀನಿ. ಅಪ್ಪಂಗೆ ಹೇಳ್ಬೇಡ, ಪ್ಲೀಸ್. ಅಪ್ಪ ಅಷ್ಟು ಖುಷಿಯಾಗಿ ಬೋರ್ಡ್ ತಂದ್ರು. ಹೇಗೆ ಹೇಳ್ಲಿ?"

ಹೇಗೆ ಹೇಳಲಿ ಎಂದು ನನ್ನನ್ನು ಕೇಳಿದಳು! ಆ ಮನೆಯಲ್ಲಿ ಅದು ಗೊತ್ತಿದ್ದವರು ಯಾರಿದ್ದರು? ಯಾರಿಗೂ ಬೇಡದ ಒಂದು ಮುಂದಕ್ಕಾಗಿ ನಾನು ಇವತ್ತಿನ ಅನ್ನ ಬಿಟ್ಟು ಕಾಗೆ ಓಡಿಸುತ್ತ ಕೂತಿದ್ದೆ. ಸಿಟ್ಟು ಬಂತು, ಈ ಸಲ ನನ್ನ ಮೇಲೆ ಮಾತ್ರವಲ್ಲ. ಹೋದ ಅಪ್ಪನ ಮೇಲೂ ಬಂತು.

ಅದೇ ಮಧ್ಯಾಹ್ನ ಬಿಟಿಎಂನಿಂದ ಫೋನು. "ಅಕ್ಕಾರ, ನಿಮ್ಮ ನಸೀಬ ಚಲೋ ಐತ್ರಿ. ಆ ನಡುವಿನ ಬೋರ್ಡ್ ಸಿಕ್ಕೇತಿ. ಲಗೂನ ಬರ್ರಿ, ಮತ್ತೊಬ್ರು ಕೇಳಾಕತ್ತಾರ."

ಸಂಡಿಗೆ ಕಾಯಲು ಅಣ್ಣನ ಮಗಳನ್ನು ಕೂರಿಸಿ ಹೊರಟೆ. ಆಟೋದಲ್ಲಿ ದಾರಿಯುದ್ದಕ್ಕೂ ಹಗುರಾಗಿತ್ತು. ಹಳೆಯದೂ ನಡೆಯುತ್ತದೆ, ಹೊಸದೂ ನಡೆಯುತ್ತದೆ. ನನ್ನ ಕೆಲಸಕ್ಕೂ ಆಯಿತು, ಅಣ್ಣನ ಮಾತಿಗೂ ಆಯಿತು. ಇದಕ್ಕಿಂತ ಬೇಕೆ?

ಅಂಗಡಿಯವನು ಎರಡು ಬೋರ್ಡುಗಳನ್ನೂ ಕಟ್ಟೆಯ ಮೇಲಿಟ್ಟ. ಒಂದು ನಡುವಿನದು, ಯಾರೋ ಜೋಪಾನವಾಗಿ ಬಳಸಿದ್ದು. ಇನ್ನೊಂದು ಮೊದಲು ತೋರಿಸಿದ್ದ ಹಳೆಯದು. "ಇದಕ್ಕ ಈಗ ನಿಮ್ಮ ಪ್ರೊಸೆಸರ್ ಹಾಕೂಣು. ನಾಳೆ ಸರ ಹೊಸಾ ಪ್ರೊಸೆಸರ್ ತಂದ್ರ ಇದ್ರಾಗ ಕುಂದರ್ತೈತಿ. ಅವರ್ದೂ ನಡೀತು, ನಿಮ್ದೂ ನಡೀತು" ಅಂದ.

ನಾಳೆ ಸರ ಹೊಸ ಪ್ರೊಸೆಸರು ತಂದರೆ. ಆ ಮಾತಿನಲ್ಲಿ ನಾನು ಸಿಕ್ಕಿಹಾಕಿಕೊಂಡೆ. ಮಗಳು ಹಾಸ್ಟೆಲ್ಲಿಗೆ ಹೋದರೂ ರಜೆಗೆ ಬಂದಾಗ ಬೇಕಾಗುತ್ತದೆ ಅನ್ನುತ್ತಾನೆ. ಅವಳಿಗೆ ಬೇಡವಾದರೆ ತನ್ನ ನಿವೃತ್ತಿಗೆ ಇರಲಿ ಅನ್ನುತ್ತಾನೆ. ಮುಂದಕ್ಕೆ ಆಗುವ ವಸ್ತು ನಮ್ಮ ಮನೆಗೆ ಬಂದರೆ ಅದು ಯಾರದೋ ಮುಂದಕ್ಕೆ ಮೀಸಲಾಗುತ್ತದೆ. ಆ ಕಾಲ ಬರುವ ತನಕ ವಸ್ತುವಿನ ಕಾವಲು ನನ್ನದು. ಮಹಡಿ ಹಾಗೇ ಅಲ್ಲವೇ ಹೋದದ್ದು?

"ಹಳೇದು ಹಾಕಿ" ಅಂದೆ.

"ಅಕ್ಕಾರ, ಸರಿಯಾಗಿ ವಿಚಾರ ಮಾಡ್ರಿ. ಇದ್ರ ಮ್ಯಾಲ ಮುಂದ ಏನೂ ಹಾಕಾಕ ಬರಂಗಿಲ್ಲ. ಈ ಪ್ರೊಸೆಸರ್ ಹೋದ್ರ ಬೋರ್ಡೂ ಹೋದಂಗ. ಅಪ್‌ಗ್ರೇಡ್ ಅನ್ನೂದ ಇಲ್ಲ."

"ಗೊತ್ತು. ಅದಕ್ಕೇ."

"ಅದು ಸಿಗೂದಿಲ್ಲ ಮತ್ತ."

"ಆ ಇನ್ನೊಬ್ರು ಕೇಳ್ತಿದಾರಲ್ಲ, ಅವರಿಗೆ ಕೊಡಿ."

ಅವನಿಗೆ ಇದು ಯಾವ ಲೆಕ್ಕವೋ ತಿಳಿಯಲಿಲ್ಲ. ನನಗೆ ತಲೆ ಕೆಟ್ಟಿದೆ ಅಂದುಕೊಂಡಿರಬೇಕು. ನನಗೂ ಒಂದು ಕ್ಷಣ ಹಾಗೇ ಅನ್ನಿಸಿತು. ಆದರೆ ಜೋಡಿಸಿ ಗುಂಡಿ ಒತ್ತಿದಾಗ ಪರದೆಯ ಮೇಲೆ ನನ್ನ ಹಳೆಯ ನೀಲಿ ಬಣ್ಣ ಬಂತು, ಅದರ ಮೇಲೆ ನನ್ನ ಕಡತಗಳೆಲ್ಲ ಇದ್ದ ಹಾಗೇ ಬಂದವು. ದುಡ್ಡು ಕೊಟ್ಟು, ಡಬ್ಬವನ್ನು ಎತ್ತಿಕೊಂಡು ಹೊರಟೆ.

ಮನೆಗೆ ಬಂದು ಮೇಜಿನ ಮೇಲಿದ್ದ ಇಸ್ತ್ರಿ ಬಟ್ಟೆ, ಬುಟ್ಟಿ ಎಲ್ಲ ತೆಗೆದು ಕಂಪ್ಯೂಟರು ಇಟ್ಟೆ. ಸಂಜೆ ಅಣ್ಣ ಬಂದವನು ನೋಡಿ ನಿಂತ.

"ಇದೇನೇ, ಯಾವ ಬೋರ್ಡು?"

"ಹಳೇದು. ನಾನೇ ತಗೊಂಡೆ."

"ಹೊಸ ಪ್ರೊಸೆಸರ್ ಇದಕ್ಕೆ ಕೂರತ್ತಾ?"

"ಇಲ್ಲ."

"ಮುಂದಕ್ಕೆ?"

"ಮುಂದಕ್ಕೂ ಇಲ್ಲ. ಇದಕ್ಕೆ ಏನೂ ಹಾಕಕ್ಕಾಗಲ್ಲ ಅಣ್ಣ. ನಿನ್ನ ಮಗಳಿಗೂ ಆಗಲ್ಲ, ಯಾರಿಗೂ ಆಗಲ್ಲ."

ಅವನು ಜಗಳವಾಡುತ್ತಾನೆ ಅಂದುಕೊಂಡಿದ್ದೆ. ಅವನು ಡಬ್ಬದ ಕಡೆ ಒಂದು ಸಲ ನೋಡಿದ. ಅಟ್ಟಕ್ಕೂ ಲಾಯಕ್ಕಲ್ಲದ ಸಾಮಾನನ್ನು ನಮ್ಮ ಮನೆಯವರು ನೋಡುವ ನೋಟ ಅದು. "ದುಡ್ಡು ದಂಡ ಮಾಡ್ದೆ" ಅಂದ. ರೂಮಿಗೆ ಹೋಗುತ್ತ, "ಹಾಗಾದ್ರೆ ಅದು ನಿಂಗೇ ಬಿಡು" ಅಂದ.

ಹುಟ್ಟಿದಾಗಿನಿಂದ ಆ ಮನೆಯಲ್ಲಿ ಯಾರೂ ನನಗೆ ಹಾಗೆ ಅಂದಿರಲಿಲ್ಲ. ಇದು ನಿಂಗೇ, ಈಗಲೇ, ಎಂದು ಕೈಗೆ ಬಂದ ಮೊದಲ ವಸ್ತು ಅದು, ಯಾರಿಗೂ ಬೇಡವಾದದ್ದು. ಖುಷಿಪಡಬೇಕೋ ಅಳಬೇಕೋ ತಿಳಿಯದೆ ಕುರ್ಚಿಯನ್ನು ಒಳಗೆ ಎಳೆದುಕೊಂಡು ಕೂತೆ. ಅದೇ ಫ್ರಿಜ್ಜು, ಅದೇ ದೇವರ ಮನೆಯ ಬಾಗಿಲು, ಕಿಟಕಿಯಾಚೆ ಅದೇ ಗೋಡೆ.

ಅರೆಕೆರೆಯ ನಕ್ಷೆ ತೆಗೆದೆ. ಹಾಲು, ಅಡುಗೆಮನೆ, ಎರಡು ರೂಮು, ಕಾರಿನ ಜಾಗ ಎಲ್ಲವನ್ನೂ ಬರೆದೆ. ಎಂಜಿನಿಯರರ ಬಾಣದ ಗುರುತಿನ ಹತ್ತಿರ ಬಂದು ಕೈ ನಿಂತಿತು. "ಮೇಲೆ ಮುಂದಕ್ಕೆ, ತಂಗಿಗೆ." ಆ ತಂಗಿ ಯಾರೋ, ಎಂಥವಳೋ. ಅವಳಿಗೂ ಬಂದವರೆಲ್ಲ ಸೂರು ನೋಡಿ, ಒಳ್ಳೆ ಏರ್ಪಾಡು ಅನ್ನುತ್ತಾರೆ. ಕಾರಿನ ಜಾಗವನ್ನು ಕೊಂಚ ಸರಿಸಿದೆ, ಹಾಲನ್ನು ಒಂದು ಅಡಿ ಕುಗ್ಗಿಸಿದೆ. ಕೆಳಗೇ, ಪೂರ್ವದ ಮೂಲೆಯಲ್ಲಿ ಒಂದು ರೂಮು ಹೊರಟಿತು. ಅದಕ್ಕೆ ಒಂದು ಕಿಟಕಿ, ಒಂದು ಬಚ್ಚಲು, ಹೊರಗಿನಿಂದಲೇ ಒಂದು ಬಾಗಿಲು. ಕಳಿಸಿದೆ.

ಎಂಜಿನಿಯರು ಕೂಡಲೇ ಫೋನು ಮಾಡಿದರು. "ಮೇಡಂ, ಇದೇನು ಮೂರನೇ ರೂಮು? ಪಾರ್ಟಿ ಕೇಳಿಲ್ವಲ್ಲ?"

"ಕೇಳಿಲ್ಲ ಸಾರ್. ತಂಗಿಗೆ. ಸುಮ್ನೆ ತೋರ್ಸಿ."

"ತಂಗಿಗೆ ಮೇಲೆ ಕಟ್ತಾರಂತೆ ಮೇಡಂ ಮುಂದಕ್ಕೆ."

"ಕಟ್ಲಿ ಸಾರ್. ಅಲ್ಲೀವರೆಗೂ ಅವರು ಎಲ್ಲಿ ಕೂತ್ಕೋತಾರೆ?"

ನಾನು ಇಷ್ಟು ವರ್ಷದಲ್ಲಿ ಅವರಿಗೆ ಎದುರು ಮಾತಾಡಿದ್ದು ಅದೇ ಮೊದಲು. "ತೋರಿಸ್ತೀನಿ" ಎಂದು ಇಟ್ಟರು.

ಮಾರನೆಯ ದಿನ ಮಧ್ಯಾಹ್ನದ ಹೊತ್ತಿಗೆ ಅವರ ಫೋನು ಬಂತು. "ರೂಮು ಇರಲಿ ಅಂದ್ರು ಮೇಡಂ. ಕಂಬೀನೂ ಬಿಡಿ, ಮುಂದಕ್ಕಾಗತ್ತೆ ಅಂದ್ರು. ಅಂದ ಹಾಗೆ ಇನ್ನೊಂದು ಸೈಟಿಂದು ಕಳಿಸ್ತಿದೀನಿ, ಅದನ್ನೂ ನೀವೇ ಮಾಡ್ಕೊಡಿ."

ಜೋರಾಗಿ ನಕ್ಕುಬಿಟ್ಟೆ. ಕಂಬಗಳ ತುದಿಗೆ ಕಂಬಿ ಬರೆಯತೊಡಗಿದೆ. ಹೊರಗೆ ಮೋಡ ಕವಿಯುತ್ತಿತ್ತು. ಅಡುಗೆಮನೆಯಿಂದ ಅತ್ತಿಗೆಯ ದನಿ ಬಂತು, "ಮಳೆ ಬರೋ ಹಾಗಿದೆ. ಹೇಗೂ ಮನೇಲೇ ಇದೀಯಲ್ಲ, ಮೇಲಿನ ಸಂಡಿಗೆ ತಂದ್ಬಿಡು."

"ಕೆಲಸ ಮಾಡ್ತಿದೀನಿ ಅತ್ತಿಗೆ" ಅಂದೆ.

ಅಡುಗೆಮನೆಯಲ್ಲಿ ಒಲೆ ಆರಿಸಿದ ಸದ್ದಾಯಿತು. ಆಮೇಲೆ ತಾರಸಿಯ ಮೆಟ್ಟಿಲ ಮೇಲೆ ಅತ್ತಿಗೆ ಹತ್ತಿಹೋಗುವ ಹೆಜ್ಜೆ ಕೇಳಿಸಿತು.